ಕಟ್ಟಿದವರೇ ಬಿಚ್ಚಬೇಕು

ಬೇಸಾಯದ ಹಿರಿಮೆಯನ್ನು ಕೊಂಡಾಡುವವರು ಉತ್ತವರನ್ನು ನೆನೆಯುತ್ತಾರೆ, ಬಿತ್ತಿದವರನ್ನು ನೆನೆಯುತ್ತಾರೆ, ಹೊಸ ತಳಿ ಕಂಡುಹಿಡಿದವರಿಗೆ ಹಾರ ಹಾಕುತ್ತಾರೆ. ಉಳುವ ಮೊದಲು ನೇಗಿಲನ್ನು ತಿರುಗಿಸಿ ನೋಡಿದವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಇದರಲ್ಲಿ ಯಾರ ಕೃತಘ್ನತೆಯೂ ಇಲ್ಲ. ನಡೆಯದೆ ಹೋದ ಅವಘಡಕ್ಕೆ ದಿನವೂ ಇಲ್ಲ, ಜಾಗವೂ ಇಲ್ಲ. ಸಂಜೆ ಮನೆಗೆ ಮರಳಿ ಕೈ ತೊಳೆದುಕೊಳ್ಳುವವನು ತನ್ನ ಬೆರಳುಗಳೆಲ್ಲ ಇವೆಯೇ ಎಂದು ಎಣಿಸಿ ನೋಡುವುದಿಲ್ಲ. ನಮ್ಮ ಕೃಷಿ ಫಾರ್ಮಿನಲ್ಲಿ ಹಾಗೆ ಎಣಿಸದೆ ಕೈ ತೊಳೆದುಕೊಂಡ ಎಲ್ಲರ ಪರವಾಗಿ, ನಮ್ಮ ಸಲಕರಣೆಗಳನ್ನು ನೋಡಿಕೊಂಡವರೊಬ್ಬರ ಅಭಿನಂದನ ಗ್ರಂಥಕ್ಕೆ ಈ ಮಾತುಗಳನ್ನು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಅವರ ಸಲಕರಣೆ ಶೆಡ್ಡಿಗೆ ಅಂಟಿಕೊಂಡಿರುವ ಉಗ್ರಾಣದಲ್ಲಿ ಎಣ್ಣೆ, ಗ್ರೀಸು, ನಟ್ಟು, ಬೋಲ್ಟು ಕೊಡುತ್ತ ವಯಸ್ಸು ಕಳೆದವನು ನಾನು. ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಜಪ ಮಾಡಿದರೆ ಅವರಿಗೆ ಕೇಳುತ್ತಿತ್ತು.

ಕಾಗದದ ಮೇಲೆ ಅವರು ಸಲಕರಣೆ ಪರಿವೀಕ್ಷಕರು. ಬಾಯಿಂದ ಆ ಪದವನ್ನು ಯಾರೂ ಆಡಿದ್ದು ನಾನು ಕಾಣೆ. ಎಲ್ಲರಿಗೂ ಅವರು ಮೇಸ್ತ್ರಿಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಲೆಯಲ್ಲಿ ದಟ್ಟ ಕೂದಲು, ಕೈಯಲ್ಲಿ ಒಂದು ಗೇಣುದ್ದದ ಸುತ್ತಿಗೆ, ಹೆಗಲ ಮೇಲೊಂದು ಹತ್ತಿಯ ಒರೆಸು ಬಟ್ಟೆ. ಕೂದಲು ಹೋಯಿತು; ಉಳಿದೆರಡು ಉಳಿದವು.

ಬೆಳಗ್ಗೆ ಆಳುಗಳು ಬರುವ ಮೊದಲೇ ಅವರು ಶೆಡ್ಡಿನ ಬಾಗಿಲು ತೆರೆಯುತ್ತಿದ್ದರು. ಗುದ್ದಲಿ, ಪಿಕಾಸಿ, ಕುಡುಗೋಲಿನಿಂದ ಹಿಡಿದು ನೇಗಿಲು, ಕುಂಟೆ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್, ಟ್ರೇಲರ್‌ವರೆಗೆ ಆ ದಿನ ಹೊರಗೆ ಹೋಗಬೇಕಾದ ಪ್ರತಿಯೊಂದರ ಮುಂದೆಯೂ ನಿಲ್ಲುತ್ತಿದ್ದರು. ಮರದ ಹಿಡಿಯ ಮೇಲೆ ಹತ್ತಿ ಬಟ್ಟೆಯನ್ನು ನಿಧಾನವಾಗಿ ಎಳೆಯುವರು. ಎಲ್ಲಿಯಾದರೂ ಸಿಬಿರು ಎದ್ದಿದ್ದರೆ, ಬಿರುಕು ಬಾಯಿ ಬಿಟ್ಟಿದ್ದರೆ ನೂಲು ಸಿಕ್ಕಿಕೊಳ್ಳುವುದು. ಕಬ್ಬಿಣವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಲೆ ವಾಲಿಸಿ, ಆ ಸದ್ದು ಪೂರ್ತಿ ಅಡಗುವವರೆಗೆ ಕೇಳುವರು. ಗಟ್ಟಿ ಕಬ್ಬಿಣ ಗಂಟೆಯಂತೆ ಉಲಿಯುತ್ತದೆ, ಒಳಗೆ ಸೀಳಿದ ಕಬ್ಬಿಣ ಒಡೆದ ಮಡಕೆಯಂತೆ ಗೊಣಗುತ್ತದೆ. ಕೊನೆಗೆ, ಹಿಂದಿನ ದಿನ ಅದನ್ನು ಬಳಸಿದವರನ್ನು ಕರೆದು ಒಂದು ಪ್ರಶ್ನೆ ಕೇಳುವರು: "ನಿನ್ನೆ ಇದು ಏನಾದ್ರೂ ಹೇಳ್ತಾ?"

ಹೊಸಬರು ನಗುತ್ತಿದ್ದರು. ಆಮೇಲೆ ಯೋಚಿಸಿ, "ಹೌದು ಮೇಸ್ತ್ರಿಗಳೇ, ಸಂಜೆ ಹೊತ್ತಿಗೆ ಸ್ವಲ್ಪ ಅಲ್ಲಾಡ್ತಿತ್ತು" ಎನ್ನುತ್ತಿದ್ದರು. ಅಲ್ಲಾಡಿದ್ದು ಅವರಿಗೂ ಅಲ್ಲಿಯವರೆಗೆ ಗೊತ್ತಿರುತ್ತಿರಲಿಲ್ಲ.

ದೋಷ ಕಂಡ ಸಲಕರಣೆಗೆ ಅವರು ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಆ ಚೂರಿಗೆ ನಮ್ಮಲ್ಲಿ ಒಂದೇ ಕಾನೂನು: ಕಟ್ಟಿದವರೇ ಬಿಚ್ಚಬೇಕು. ರಿಪೇರಿ ಮಾಡಿದವನೂ ಬಿಚ್ಚುವಂತಿಲ್ಲ, ಮೇಲಧಿಕಾರಿಯೂ ಬಿಚ್ಚುವಂತಿಲ್ಲ, ಹೊಲದಲ್ಲಿ ಬೆಳೆ ಒಣಗುತ್ತಿದ್ದರೂ ಬಿಚ್ಚುವಂತಿಲ್ಲ. ಇದರ ಹಿಂದೆ ಏನೋ ಇದೆ ಎಂದು ಜನ ಕತೆ ಕಟ್ಟಿದರು. ಅವರ ಅಕ್ಕನ ಕೈ ಯಂತ್ರಕ್ಕೆ ಸಿಕ್ಕಿತ್ತಂತೆ ಎಂದು ಕೆಲವರು, ಅದು ಅವರ ತಾಯಿಯ ಸೀರೆಯ ಬಟ್ಟೆಯಂತೆ ಎಂದು ಕೆಲವರು. ಕತೆ ಕೇಳುತ್ತ ಬೆಳೆದವನಾದ ನಾನು ಒಮ್ಮೆ ಆಸೆಯಿಂದ ಕೇಳಿಯೇ ಬಿಟ್ಟೆ.

"ಅಕ್ಕನ ಕೈ ಚೆನ್ನಾಗೇ ಇದೆ. ಮೊನ್ನೆ ತಾನೇ ನನ್ನ ಬೆನ್ನಿಗೆ ಗುದ್ದಿದಳು" ಎಂದರು. "ಕತೆ ಏನೂ ಇಲ್ಲ. ಯಾರಾದ್ರೂ ನೋಡ್ಬೇಕಲ್ಲ, ನೋಡ್ತೀನಿ."

ಅಷ್ಟೇ. ಇಡೀ ಸೇವಾವಧಿಯ ಗುಟ್ಟನ್ನು ಅವರು ಅಂದು ಹೇಳಿ ಮುಗಿಸಿದರು ಎಂದು ಈಗ ನನಗೆ ತೋರುತ್ತದೆ. ಏಕೆಂದರೆ ಆ ಕೆಲಸದಲ್ಲಿ ಬೇಸರವೇ ಹೆಚ್ಚು. ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿರುತ್ತದೆ. ನಾಳೆಯೂ ಬಹುಪಾಲು ಸರಿಯೇ ಇರುತ್ತದೆ. ಆ ಬಹುಪಾಲಿನ ಆಚೆಗೆ ಉಳಿದ ಒಂದು ಕೂದಲೆಳೆಯಷ್ಟಕ್ಕಾಗಿ ಒಬ್ಬ ಮನುಷ್ಯ ದಿನವೂ ಬಗ್ಗಬೇಕು, ತಟ್ಟಬೇಕು, ಕೇಳಬೇಕು. ಪೂಜೆಯೂ ಹಾಗೆಯೇ ಎಂದು ನನ್ನ ನಂಬಿಕೆ. ದೇವರು ಪ್ರತ್ಯಕ್ಷನಾಗುವನೆಂದು ಯಾರೂ ದಿನಾ ದೀಪ ಹಚ್ಚುವುದಿಲ್ಲ. ಹಚ್ಚುವುದು ನಮ್ಮ ಪಾಲಿನ ಕೆಲಸವೆಂದು ಹಚ್ಚುತ್ತೇವೆ, ಸೊಂಟ ಹಿಡಿದುಕೊಂಡು ಏಳುತ್ತೇವೆ.

ಅವರ ಉಪಕಾರಗಳನ್ನು ಹೇಳಹೊರಟರೆ ಅವು ಉಪಕಾರದಂತೆ ಕಾಣುವುದೇ ಇಲ್ಲವೆಂಬುದು ಒಂದು ಕಷ್ಟ. ಕಳೆ ತೆಗೆಯುವ ಹೆಂಗಸರ ಗುಂಪಿನಲ್ಲಿ ಪುಟ್ಟ ಕೈಯ ಒಬ್ಬಾಕೆಯಿದ್ದಳು. ಎಲ್ಲರ ಸಾಲು ಮುಗಿದರೂ ಅವಳದು ಉಳಿಯುತ್ತಿತ್ತು. ಸೋಮಾರಿ ಎಂದು ಹೆಸರೂ ಬಂದಿತ್ತು. ಮೇಸ್ತ್ರಿಗಳು ಅವಳ ಕುರ್ಪಿಯನ್ನು ನೋಡಿದರು, ಕುರ್ಪಿ ಗಟ್ಟಿಮುಟ್ಟಾಗಿತ್ತು. ಆಮೇಲೆ ಅವಳ ಅಂಗೈ ನೋಡಿದರು, ಬೊಬ್ಬೆ ಎದ್ದಿತ್ತು. ಗಾಜಿನ ಚೂರಿನಿಂದ ಹಿಡಿಯನ್ನು ಹೆರೆದು ಸಣ್ಣ ಮಾಡಿ, ಎಣ್ಣೆ ಕುಡಿಸಿ, ಮರುದಿನ ಸುಮ್ಮನೆ ಅವಳ ಮುಂದೆ ಇಟ್ಟರು. "ಇದು ನಂದಲ್ಲ ಅಣ್ಣಾ" ಎಂದಳಂತೆ. "ಹಿಡ್ಕೊಂಡು ನೋಡಮ್ಮ, ಆಮೇಲೆ ಯಾರದ್ದು ಅಂತ ಹೇಳು" ಎಂದರಂತೆ. ಔಷಧ ಸಿಂಪಡಿಸುವ ಮುದುಕನ ಪಂಪಿಗೆ ಅಗಲವಾದ ಪಟ್ಟಿ ಹೊಲಿಸಿಕೊಟ್ಟದ್ದೂ ಹೀಗೆಯೇ. ಹಿಡಿಯುವ ಮೈಗೆ ಹೊಂದದ ಸಲಕರಣೆಯೂ ಅವರ ಲೆಕ್ಕದಲ್ಲಿ ದೋಷವುಳ್ಳದ್ದೇ.

ನನಗೆ ಸಂದದ್ದನ್ನೂ ಹೇಳಬೇಕು. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಉಗ್ರಾಣದ ಕತ್ತಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ಎಲ್ಲರೂ ಬಂದು ಸಮಾಧಾನ ಹೇಳಿ ಹೋದರು. ಮೇಸ್ತ್ರಿಗಳು ಮಾತ್ರ ದಿನಾ ಬೆಳಗ್ಗೆ ಎಣ್ಣೆಯ ಡಬ್ಬಿ ಹಿಡಿದು ಬಂದು, "ಎಣ್ಣೆ ಇದೆಯಾ?" ಎನ್ನುವರು. ನಾನು ಏಳಬೇಕು, ಬೀಗ ತೆಗೆಯಬೇಕು, ಪೀಪಾಯಿ ಬಗ್ಗಿಸಬೇಕು. ಕೆಲವು ದಿನಗಳ ಮೇಲೆ ನೋಡಿದರೆ ಅವರ ಡಬ್ಬಿ ತುಂಬಿಯೇ ಇರುತ್ತಿತ್ತು. "ತುಂಬಿದೆಯಲ್ಲ ಮೇಸ್ತ್ರಿಗಳೇ" ಎಂದೆ. "ಓ, ಹೌದಾ?" ಎಂದು ನೋಡಿ, ಹಾಗೆಯೇ ಹೊರಟುಹೋದರು. ಮರುದಿನ ಮತ್ತೆ ಬಂದರು. ನಾನು ಬದುಕಿನಲ್ಲಿ ಮತ್ತೆ ಎದ್ದು ನಿಂತದ್ದು ಆ ಪೀಪಾಯಿಯ ಬಳಿಗೆ ನಡೆದು ನಡೆದು.

ಇನ್ನು, ಅವರ ನಿವೃತ್ತಿಯ ವಿಷಯ. ಅವಧಿಗೆ ಮುಂಚೆಯೇ ಅವರು ಕೆಲಸ ಬಿಟ್ಟದ್ದರ ಬಗ್ಗೆ ಹೊರಗೆ ನಾನಾ ಮಾತುಗಳಿವೆ. ಮೇಲಿನವರೊಡನೆ ಜಗಳವಾಯಿತೆನ್ನುವವರಿದ್ದಾರೆ, ಅವರೇ ಮುನಿಸಿಕೊಂಡರೆನ್ನುವವರಿದ್ದಾರೆ. ಕಂಡದ್ದನ್ನು ಕಂಡಂತೆ ಹೇಳುವುದು ಈ ಗ್ರಂಥಕ್ಕೆ ಒಪ್ಪುವ ಗೌರವವೆಂದು ತಿಳಿದು ಬರೆಯುತ್ತಿದ್ದೇನೆ. ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ನಮ್ಮಲ್ಲೊಬ್ಬ ಟ್ರ್ಯಾಕ್ಟರ್ ಡ್ರೈವರ್ ಇದ್ದಾನೆ. ಅವನಿಗೆ ಗಾಳಿ ಎಂದೇ ಹೆಸರು. ನಡೆದರೂ ಓಡಿದಂತೆ, ಕೂತರೂ ಎದ್ದಂತೆ. ಅವನಿಗೂ ಮೇಸ್ತ್ರಿಗಳಿಗೂ ಸುಗ್ಗಿ ಬಂತೆಂದರೆ ವಾಗ್ವಾದ.

"ಮೇಸ್ತ್ರಿಗಳೇ, ನಿಮ್ಮ ಕೈಗೆ ಬಿಟ್ರೆ ಸೂರ್ಯನಿಗೂ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸ್ತೀರಿ."

"ಕಟ್ತಿದ್ದೆ ಕಣೋ. ಎಟುಕಲ್ಲ."

"ಅಲ್ಲಿ ಮೋಡ ಆಗ್ತಿದೆ, ಇಲ್ಲಿ ನೀವು ಟಿಂಗ್ ಟಿಂಗ್ ಅಂತ ಕೂತಿದ್ದೀರಿ!"

"ನೀನು ಬಾಯಿ ಮುಚ್ಚಿದ್ರೆ ಒಂದು ಟಿಂಗ್‌ನಲ್ಲಿ ಮುಗೀತದೆ."

ಹೀಗೆ ನಡೆದಿತ್ತು. ಈ ನಡುವೆ ಮೇಸ್ತ್ರಿಗಳ ಮನೆಯಾಕೆ, ನಾನು ಅತ್ತಿಗೆ ಎಂದು ಕರೆಯುವವರು, ಒಮ್ಮೆ ನನ್ನೊಡನೆ ನಗುತ್ತಲೇ ಹೇಳಿದ್ದರು: "ನಿಮ್ಮ ಅಣ್ಣನಿಗೆ ಈಗೀಗ ನಾನು ಬೈದದ್ದೂ ಕೇಳಲ್ಲ. ಮದುವೆಯಾದ ಮೇಲೆ ಇಷ್ಟು ನೆಮ್ಮದಿ ಅವರಿಗೆ ಇದೇ ಮೊದಲು." ಎಲ್ಲರೂ ನಕ್ಕೆವು. ಮೇಸ್ತ್ರಿಗಳೂ ನಕ್ಕರು; ಏನು ಕೇಳಿ ನಕ್ಕರೋ.

ಹೋದ ಸುಗ್ಗಿಯಲ್ಲಿ, ಕೆಳಗಿನ ಹೊಲದಿಂದ ಗೋದಾಮಿಗೆ ಧಾನ್ಯದ ಮೂಟೆಗಳನ್ನು ಸಾಗಿಸುತ್ತಿದ್ದಾಗ, ಏರಿನ ನಡುವೆ ಗಾಳಿಯ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಕಳಚಿಕೊಂಡಿತು. ಎರಡನ್ನೂ ಕೂಡಿಸುವ ಕಬ್ಬಿಣದ ಕೊಂಡಿ ತುಂಡಾಗಿತ್ತು. ಟ್ರೇಲರ್ ಹಿಂದಕ್ಕೆ ಉರುಳಿ ಚರಂಡಿಗೆ ಬಿತ್ತು. ಮೂಟೆಗಳ ಮೇಲೆ ಕುಳಿತಿದ್ದ ಹಮಾಲಿ ಹಾರಿಕೊಂಡು ಕಾಲು ಮುರಿದುಕೊಂಡ. ಆ ಬೆಳಗ್ಗೆ ಆ ಕೊಂಡಿಯನ್ನು ತಟ್ಟಿ ನೋಡಿ ಬಿಟ್ಟವರು ಮೇಸ್ತ್ರಿಗಳು.

ಅವರು ನೋಡಿ ಬಿಟ್ಟದ್ದೆಂದ ಮೇಲೆ ಕೊಂಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನವೆಲ್ಲ ಗಾಳಿಯ ಮೇಲೆ ಹೋಯಿತು. ಏರಿನಲ್ಲಿ ಜೋರಾಗಿ ಎಳೆದಿರಬೇಕು, ಅವನ ಸ್ವಭಾವವೇ ಅದಲ್ಲವೇ ಎಂದರು ಜನ. ನಮ್ಮ ಮೇಲಧಿಕಾರಿ ಮೇಡಂ ದುಡುಕುವವರಲ್ಲ. ಆದರೂ ಅವರ ಮುಂದೆ ಇದ್ದದ್ದು ಎರಡೇ ಸಾಕ್ಷಿ, ಒಂದು ಮೇಸ್ತ್ರಿಗಳ ಹೆಸರು, ಇನ್ನೊಂದು ಗಾಳಿಯ ಹೆಸರು. ಅವನನ್ನು ಕೆಲಸದಿಂದ ತೆಗೆಯುವ ಮಾತು ಬಂದಿತು. ಎಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಗಾಳಿಯ ಮುಖ. ಉಗ್ರಾಣದ ಮೆಟ್ಟಿಲ ಮೇಲೆ ಅಲುಗಾಡದೆ ಕುಳಿತು ಅವನು ಹೇಳಿದ: "ನಾನು ನಿಧಾನಕ್ಕೇ ಹತ್ತಿಸ್ತಿದ್ದೆ ಅಂತ ನನಗೆ ನೆನಪು ಅಣ್ಣಾ. ಆದ್ರೆ ಮೇಸ್ತ್ರಿಗಳು ನೋಡಿದ್ದಾರಲ್ಲ. ನಾನೇ ಜೋರಾಗಿ ಎಳೆದಿರಬೇಕೇನೋ."

ಇನ್ನೊಬ್ಬರ ಮೇಲಿನ ನಂಬಿಕೆಗಾಗಿ ಮನುಷ್ಯ ತನ್ನ ನೆನಪನ್ನೇ ಬಿಟ್ಟುಕೊಡುವುದನ್ನು ನಾನು ಅಂದು ಕಂಡೆ.

ಮರುದಿನ ಬೆಳಗ್ಗೆ ಮೇಸ್ತ್ರಿಗಳು ಚರಂಡಿಯಿಂದ ಕೊಂಡಿಯ ತುಂಡನ್ನು ಹುಡುಕಿ ತಂದು, ನನ್ನ ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿ. ಈ ಅರ್ಧ ಹೊಳೀತಿದೆ. ಇದು ನಿನ್ನೆ ಮುರಿದದ್ದು. ಈ ಅರ್ಧ ನೋಡಿ, ತುಕ್ಕು. ಇದು ಒಳಗೆ ಸೀಳಿ ಎಷ್ಟೋ ಕಾಲ ಆಗಿದೆ."

ಅವರು ಆ ತುಂಡನ್ನು ತೂಗುಹಾಕಿದರು. ಪಕ್ಕದಲ್ಲಿ ಅಂಥದೇ ಒಂದು ಗಟ್ಟಿ ಕೊಂಡಿಯನ್ನೂ ತೂಗುಹಾಕಿದರು. ತುಂಡಿನ ಉಳಿದ ಭಾಗದಲ್ಲೂ ಸೀಳು ಓಡಿತ್ತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆಗೆ ಮುಖ ಮಾಡಿ ನಿಂತರು. "ಹೊಡೀರಿ. ಯಾವುದು ಅಂತ ಹೇಳಬೇಡಿ."

ಗಟ್ಟಿಯದನ್ನು ಹೊಡೆದೆ, ಗಂಟೆಯಂತೆ ಉಲಿಯಿತು. ಸೀಳಿದ್ದನ್ನು ಹೊಡೆದೆ; ಕಬ್ಬಿಣದ ಗಂಧ ತಿಳಿಯದ ನನ್ನ ಕಿವಿಗೂ ಅದು ಗೊಣಗಿದ್ದು ತಿಳಿಯಿತು. ಅವರ ಬೆನ್ನು ಅಲ್ಲಾಡಲಿಲ್ಲ.

"ಹೊಡೆದ್ರಾ?"

"ಎರಡೂ ಹೊಡೆದೆ" ಎಂದು ಕೂಗಿ ಹೇಳಿದೆ.

ಅವರು ತಿರುಗಿದರು. ತುಂಬ ಹೊತ್ತು ನಡೆದು ಬಂದವರಂತೆ ನನ್ನ ಸ್ಟೂಲಿನ ಮೇಲೆ ಕುಳಿತರು. "ಕೈಯಲ್ಲಿ ಸುತ್ತಿಗೆ ಇದ್ದಾಗ ಕೇಳಿಸ್ತದೆ. ಇಲ್ಲದಾಗ ಏನೂ ಕೇಳಿಸಲ್ಲ" ಎಂದರು. "ಅಂದ್ರೆ ನನಗೆ ಕೇಳಿಸ್ತಿದ್ದದ್ದು ಕಬ್ಬಿಣ ಅಲ್ಲ. ನೆನಪು. ಕೈ ತಟ್ಟಿದ ಕೂಡ್ಲೇ ಹಳೇ ಸದ್ದು ತಾನಾಗೇ ಬಂದು ಕೂತ್ಕೊಳ್ತಿತ್ತು."

"ವಯಸ್ಸು ಎಲ್ಲರಿಗೂ ಆಗ್ತದೆ ಮೇಸ್ತ್ರಿಗಳೇ" ಎಂದೆ.

"ಆಗ್ತದೆ. ಅವನ ಕೆಲಸ ಯಾಕೆ ಹೋಗಬೇಕು?"

ಆ ತುಂಡನ್ನು ಗುಜರಿಗೆ ಎಸೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರ ಹೆಸರು ಹಾಗೆಯೇ ಉಳಿಯುತ್ತಿತ್ತು. ಈ ಗ್ರಂಥದ ಲೇಖನಗಳೂ ಇನ್ನೂ ಸಲೀಸಾಗಿ ಬರೆಯಲ್ಪಡುತ್ತಿದ್ದವು. ಅವರು ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಕಚೇರಿಗೆ ಹೋದರು. ನಾನೂ ಹಿಂದೆ ಹೋದೆ. ಗಾಳಿ ಆಗಲೇ ಅಲ್ಲಿ ತಲೆ ತಗ್ಗಿಸಿ ನಿಂತಿದ್ದ. ಮೇಡಂ ಕುರ್ಚಿ ತೋರಿಸಿದರು, ಮೇಸ್ತ್ರಿಗಳು ಕುಳಿತುಕೊಳ್ಳಲಿಲ್ಲ.

"ಮೇಡಂ, ಡ್ರೈವರ್‌ದು ತಪ್ಪಿಲ್ಲ. ನಂದು. ಕೊಂಡಿ ಮೊದಲೇ ಸೀಳಿತ್ತು. ನನ್ನ ಕಿವಿ ಹೋಗಿದೆ."

ಮೇಡಂ ತುಂಡನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಇಷ್ಟು ವರ್ಷದಲ್ಲಿ ನೀವು ನೋಡಿ ಬಿಟ್ಟದ್ದನ್ನ ಯಾರೂ ಅನುಮಾನ ಪಟ್ಟಿಲ್ಲ ಮೇಸ್ತ್ರಿಗಳೇ" ಎಂದರು, ಸ್ವಲ್ಪ ಗಟ್ಟಿಯಾಗಿ.

"ಅದೇ ಆಗಬಾರದಿತ್ತು. ಪಡಬೇಕಿತ್ತು. ನಾನೂ ಪಡಬೇಕಿತ್ತು."

ಗಾಳಿಗೆ ತಡೆಯಲಾಗಲಿಲ್ಲ. "ಬಿಡಿ ಮೇಸ್ತ್ರಿಗಳೇ! ನನಗೋಸ್ಕರ ನೀವು ಸುಳ್ಳು ಹೇಳಬೇಡಿ."

"ನಿನಗೋಸ್ಕರ ನಾನು ಸುಳ್ಳು ಹೇಳ್ತೀನಾ? ಮುಖ ನೋಡ್ಕೋ ಹೋಗು" ಎಂದರು ಮೇಸ್ತ್ರಿಗಳು. ಅಷ್ಟು ದುಃಖದ ನಡುವೆಯೂ ಮೇಡಂ ನಕ್ಕುಬಿಟ್ಟರು. ಗಾಳಿ ಮಾತ್ರ ನಗುವ ಬದಲು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಅವನ ಕೆಲಸ ಉಳಿಯಿತು. ಹಮಾಲಿಯ ಕಾಲು ಕೂಡುವವರೆಗೆ ಮೇಸ್ತ್ರಿಗಳು ಸಂಜೆ ಸಂಜೆ ಅವನ ಮನೆಗೆ ಹೋಗಿ, ಮಂಚದ ಪಕ್ಕ ಕುಳಿತು ಬರುತ್ತಿದ್ದರು. ಅವನು ಮೊದಲು ಬೈದ, ಆಮೇಲೆ ಮಾತು ಬಿಟ್ಟ, ಕೊನೆಗೆ ಅವರು ಬರುವುದು ತಡವಾದರೆ ಬಾಗಿಲ ಕಡೆ ನೋಡತೊಡಗಿದ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ, ಇನ್ನೂ ಒಂದಷ್ಟು ಕಾಲ ಇರಿ ಎಂದು ಮೇಡಂ ಹೇಳಿದರು. ಮೇಸ್ತ್ರಿಗಳು ಯಂತ್ರ ಹಾಕಿಸಿಕೊಂಡರು, ಅದರಲ್ಲಿ ಅತ್ತಿಗೆಯ ಬೈಗುಳ ಸ್ಪಷ್ಟವಾಗಿ ಕೇಳುತ್ತದೆ, ಕಬ್ಬಿಣ ಮಾತ್ರ ಕೇಳುವುದಿಲ್ಲ ಎಂದರು. ಒಂದು ಮುಂಜಾನೆ ನಾನು ಬಾಗಿಲು ತೆರೆಯುವಾಗ, ಶೆಡ್ಡಿನ ಮೊಳೆಗೆ ಅವರ ಸುತ್ತಿಗೆ ತೂಗಿತ್ತು. ಅದರ ಹಿಡಿಗೆ ಕೆಂಪು ಬಟ್ಟೆಯ ಚೂರು.

ಕಾನೂನು ಎಲ್ಲರಿಗೂ ಗೊತ್ತಿತ್ತು. ಮೇಡಂ ಬಂದು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಮುಟ್ಟದೆ ಹೋದರು.

ತಮ್ಮ ಜಾಗಕ್ಕೆ ಯಾರಾಗಬಹುದೆಂದು ಕೇಳಿದಾಗ ಅವರು ಗಾಳಿಯ ಹೆಸರು ಹೇಳಿದರು. "ಅವನಿಗೆ ಈಗ ಭಯ ಹುಟ್ಟಿದೆ. ನನಗೆ ಹೋಗಿಬಿಟ್ಟಿತ್ತು" ಎಂದರು. ಗಾಳಿ ಒಲ್ಲೆನೆಂದು ಓಡಾಡಿ, ಕೊನೆಗೆ ಒಪ್ಪಿಕೊಂಡ. ಆದರೆ ಕೆಲಸದಿಂದ ಬಿಡುಗಡೆಯಾದ ಮೇಲೂ ಮೇಸ್ತ್ರಿಗಳು ದಿನಾ ಬೆಳಗ್ಗೆ ಶೆಡ್ಡಿಗೆ ಬರುವುದನ್ನು ಬಿಡಲಿಲ್ಲ. ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಏಳುವವರಂತೆ ಕುಳಿತಿರುವರು. ಗಾಳಿ ತನ್ನ ಹೊಸ ಸುತ್ತಿಗೆಯಿಂದ ಏನನ್ನು ತಟ್ಟಿದರೂ ಅವರ ಕೈ ತೊಡೆಯ ಮೇಲೆ ತಾನಾಗಿಯೇ ತಟ್ಟುವುದು. ಮೈ ಮನೆಗೆ ಹೋಗಿತ್ತು, ಭಾರ ಇನ್ನೂ ಇಳಿದಿರಲಿಲ್ಲ. ನೋಡುವ ನಮಗೇ ಆಯಾಸವಾಗುತ್ತಿತ್ತು.

ಕೆಲವು ವಾರಗಳ ಹಿಂದಿನ ಮಾತು. ಗಾಳಿ ಮೇವು ಕತ್ತರಿಸುವ ಯಂತ್ರಕ್ಕೆ ಕೆಂಪು ಬಟ್ಟೆ ಕಟ್ಟಿದ್ದ. ಕೊಟ್ಟಿಗೆಯಲ್ಲಿ ದನಗಳು ಕೂಗುತ್ತಿದ್ದವು, ಮೇವಿನ ಹೊರೆ ಹೊತ್ತವರು ಸಾಲಾಗಿ ನಿಂತಿದ್ದರು. ಮೇಸ್ತ್ರಿಗಳು ಎದ್ದು ಹೋಗಿ ಯಂತ್ರದ ಚಕ್ರ ತಿರುಗಿಸಿ ನೋಡಿದರು, ಅಲಗುಗಳ ಬೋಲ್ಟುಗಳನ್ನು ಅಲುಗಿಸಿ ನೋಡಿದರು, ಅಂಗೈ ಇಟ್ಟು ಸವರಿದರು.

"ಸರಿಯಾಗಿದೆ ಕಣಪ್ಪ. ಬಿಚ್ಚು. ದನ ಹಸಿದಿವೆ."

ಗಾಳಿ ಮೆಲ್ಲಗೆ ಏನೋ ಹೇಳಿದ.

"ಏನಂದೆ?"

ಅವನು ಮತ್ತೆ ಹೇಳಿದ.

"ಬಾಯಿಬಿಟ್ಟು ಹೇಳೋ!"

"ನಿಮಗೆ ಸರಿ ಇರಬಹುದು! ನನಗಿನ್ನೂ ಸರಿ ಅನ್ನಿಸಿಲ್ಲ! ಕಟ್ಟಿದವನು ನಾನು!" ಗಾಳಿ ಕೂಗಿದ ಭರಕ್ಕೆ ದನಗಳೂ ಒಂದು ಕ್ಷಣ ಸುಮ್ಮನಾದವು.

ಮೇಸ್ತ್ರಿಗಳು ಸರಿಯೆಂದದ್ದನ್ನು ಆ ಶೆಡ್ಡಿನಲ್ಲಿ ಯಾರೂ ಎಂದೂ ಹಾಗೆ ಅಲ್ಲಗಳೆದಿರಲಿಲ್ಲ. ಅವರು ಗಾಳಿಯನ್ನು ನೋಡಿದರು, ಕೆಂಪು ಬಟ್ಟೆಯನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ನಗು ಮೂಡಿತು. ಅದು ಎಲ್ಲಿಂದಲೋ ತಡೆದು ತಡೆದು ಬಂದ ನಗು. "ಸರಿ. ನೋಡು. ನಿಧಾನವಾಗಿ ನೋಡು" ಎಂದರು.

ವಾಪಸು ಬಂದು ಬೆಂಚಿನ ಮೇಲೆ ಕುಳಿತರು. ಈ ಸಲ ತುದಿಯಲ್ಲಲ್ಲ. ಗೋಡೆಗೆ ಬೆನ್ನು ಆನಿಸಿ, ಕಾಲು ಚಾಚಿ. ಗಾಳಿ ಒಂದೊಂದೇ ಬೋಲ್ಟು ಬಿಚ್ಚಿ, ನೋಡಿ, ಬಿಗಿದು, ಯಂತ್ರದಲ್ಲಿ ಏನೂ ದೋಷವಿಲ್ಲವೆಂದು ತನಗೆ ತಾನೇ ಒಪ್ಪಿಕೊಂಡು, ಬಟ್ಟೆ ಬಿಚ್ಚುವ ಹೊತ್ತಿಗೆ ಬಿಸಿಲು ಬೆಂಚಿನವರೆಗೆ ಬಂದಿತ್ತು. ಮೇಸ್ತ್ರಿಗಳು ಹೇಳಿದ್ದೇ ಸರಿಯಿತ್ತೆಂದು ಹೇಳಲು ಅವನು ತಿರುಗಿದ. ಅವರು ಬಾಯಿ ತುಸು ತೆರೆದುಕೊಂಡು ಗಾಢವಾಗಿ ನಿದ್ದೆ ಹೋಗಿದ್ದರು. ಯಂತ್ರ ಭರ್ರೆಂದು ಶುರುವಾಯಿತು, ಮೇವು ಸುರಿಯತೊಡಗಿತು. ಅವರ ಕೈ ತೊಡೆಯ ಮೇಲೆ ಅಲುಗಲಿಲ್ಲ.

ಸನ್ಮಾನ ಮುಂದಿನ ವಾರವಂತೆ, ಶಾಲು ಹೊದಿಸುತ್ತಾರಂತೆ. ಆಗಲಿ. ನನ್ನ ಮಟ್ಟಿಗೆ ಅವರು ನಿವೃತ್ತರಾದದ್ದು ಆ ಬೆಳಗ್ಗೆ, ಆ ಬೆಂಚಿನ ಮೇಲೆ. ಜೀವಮಾನವೆಲ್ಲ ಎಚ್ಚರವಿದ್ದವರಿಗೆ ಭಗವಂತ ಇಂಥ ನಿದ್ದೆಯನ್ನು ಧಾರಾಳವಾಗಿ ಕೊಡಲಿ. ದಿನಾ ಬೆಳಗ್ಗೆ ಅವನೇ ಬಂದು ನಮ್ಮ ಮೇಸ್ತ್ರಿಗಳನ್ನು ಮೆಲ್ಲಗೆ ತಟ್ಟಿ ನೋಡಿ, ಒಳಗಿನ ಸದ್ದು ಕೇಳಿ, ಇನ್ನೂ ಗಟ್ಟಿಯಿದೆ ಎಂದು ನಮ್ಮ ಕಡೆಗೇ ಬಿಟ್ಟುಕೊಡಲಿ, ಬಹುಕಾಲ ಬಿಟ್ಟುಕೊಡಲಿ. ಅವರಿಗೆ ಮುಂದೆಯೂ ಕೆಲಸವಿದೆ: ಬೆಂಚು ಅಲ್ಲಿಯೇ ಇದೆ, ಬಿಸಿಲು ಬಂದೇ ಬರುತ್ತದೆ. ಮೊಳೆಯ ಮೇಲಿನ ಸುತ್ತಿಗೆಯನ್ನು ನಾವು ಯಾರೂ ಮುಟ್ಟಿಲ್ಲ. ಎಣ್ಣೆ ಬೇಕಾದರೆ ಪಕ್ಕದಲ್ಲೇ ನಾನಿದ್ದೇನೆ. ಡಬ್ಬಿ ತುಂಬಿದ್ದರೂ ಬರಲಿ.